ಟಾರ್ಪಲ್ ಬಿಚ್ಚಿ, ಕೋಳಿ ಉಸಿರಾಡಲಿ

ಜೂನ್ ಬಂತೆಂದರೆ ಕೊಡಗಿನಲ್ಲಿ ಕೋಳಿಗೂಡಿಗೆ ಟಾರ್ಪಲ್ ಸುತ್ತುವ ಕೆಲಸ ಶುರುವಾಗುತ್ತದೆ. ನಾಲ್ಕೂ ಕಡೆ ಬಿಗಿಯಾಗಿ ಕಟ್ಟಿ, ಬುಡಕ್ಕೆ ಕಲ್ಲು ಹೇರಿದರೆ ಕೋಳಿಗೆ ಇನ್ನು ಶೀತ ತಾಗುವುದಿಲ್ಲ ಎಂದು ನೆಮ್ಮದಿ. ಜುಲೈ ನಡುವೆ ಕಕ್ಕಡ ತಿಂಗಳು ಕಾಲಿಡುವ ಹೊತ್ತಿಗೆ ಒಂದು ಕೋಳಿ ಕಣ್ಣು ಮುಚ್ಚಿಕೊಂಡು ಮೂಲೆಯಲ್ಲಿ ನಿಂತಿರುತ್ತದೆ. ಮೂಗಲ್ಲಿ ನೀರು, ಗಂಟಲಲ್ಲಿ ಗೊರಗೊರ ಸದ್ದು. ಅಯ್ಯೋ, ಶೀತ ಆಯ್ತಲ್ಲ ಎಂದು ಟಾರ್ಪಲ್ಲನ್ನು ಇನ್ನೊಂದು ಸುತ್ತು ಬಿಗಿಯುತ್ತೇವೆ.

ಪಾಪ, ಚಳಿಯ ಮೇಲೆ ಸುಮ್ನೆ ಅಪವಾದ. ಕೊಡಗಿನ ನಿಜವಾದ ಚಳಿ ಇರುವುದು ಡಿಸೆಂಬರ್, ಜನವರಿಯಲ್ಲಿ. ಆಗ ಗೂಡಿಗೆ ಯಾರೂ ಟಾರ್ಪಲ್ ಕಟ್ಟುವುದಿಲ್ಲ. ಕೋಳಿಗಳು ಕಾಫಿ ಕಣದಲ್ಲಿ ಆರಾಮಾಗಿ ಕೆದಕಿಕೊಂಡು ಓಡಾಡುತ್ತಿರುತ್ತವೆ. ದೊಡ್ಡ ಕೋಳಿಯ ಮೈ ಬಿಸಿ 41 ಡಿಗ್ರಿ ಸೆಲ್ಸಿಯಸ್‌ಗೂ ಜಾಸ್ತಿ. ಮೈತುಂಬ ಪುಕ್ಕ ಬೇರೆ. 18ರಿಂದ 24 ಡಿಗ್ರಿಯ ಹವೆ ಅದಕ್ಕೆ ಹಾಯಾಗಿರುತ್ತದೆ. ಮಳೆಗಾಲದಲ್ಲಿ ಮಡಿಕೇರಿಯ ರಾತ್ರಿಗಳೂ ಇದಕ್ಕಿಂತ ಬಹಳ ಕೆಳಗೆ ಇಳಿಯುವುದಿಲ್ಲ. ಮರಿಗಳ ಲೆಕ್ಕ ಬೇರೆ. ಅವಕ್ಕೆ ಮೊದಲ ವಾರ 32ರಿಂದ 35 ಡಿಗ್ರಿ ಬೇಕು. ಬಲ್ಬು ಹಾಕಿ ಬೇರೆ ಕಡೆಯೇ ಇಡಬೇಕು. ಬೆಳೆದ ಕೋಳಿಗೆ ಹೊಸ ಮನೆ ಕಟ್ಟುವವರು ಚಳಿಯ ಯೋಚನೆ ಬಿಟ್ಟು ಒದ್ದೆಯ ಯೋಚನೆ ಮಾಡಬೇಕು. ಆ ಒದ್ದೆ ಬರೀ ಮಳೆಯದ್ದಲ್ಲ, ಕೋಳಿಯ ಮೈಯಿಂದಲೇ ಬರುವಂಥದ್ದು.

ಒಂದು ಕೋಳಿ ದಿನಕ್ಕೆ ಹೆಚ್ಚುಕಡಿಮೆ 200 ಮಿ.ಲೀ. ನೀರು ಕುಡಿಯುತ್ತದೆ. ಇಪ್ಪತ್ತು ಕೋಳಿ ಎಂದರೆ ನಾಲ್ಕು ಲೀಟರ್. ಮೊಟ್ಟೆಯ ಪಾಲು ಕಳೆದರೂ ಮೂರು ಲೀಟರಿನಷ್ಟು ಉಸಿರಿನ ಜೊತೆ, ಹಿಕ್ಕೆಯ ಜೊತೆ ಮತ್ತೆ ಹೊರಗೆ ಬರುತ್ತದೆ. ಬಿಸಿಲಿದ್ದಾಗ ಅದರಲ್ಲಿ ಅರ್ಧ ತೋಟದಲ್ಲೇ ಬಿದ್ದು ಹೋಗುತ್ತದೆ. ಜಡಿಮಳೆಯ ದಿನ ಕೋಳಿ ಹೊರಗೇ ಹೋಗುವುದಿಲ್ಲ. ಮೂರೂ ಲೀಟರ್ ಗೂಡಿನೊಳಗೇ.

ಕೋಳಿ ಬೇರೆಯಾಗಿ ಉಚ್ಚೆ ಹೊಯ್ಯುವುದಿಲ್ಲ. ಹಿಕ್ಕೆಯ ತುದಿಯಲ್ಲಿ ಸುಣ್ಣ ಬಳಿದಂತೆ ಬಿಳಿಯಾಗಿರುತ್ತದಲ್ಲ, ಅದೇ ಅದರ ಮೂತ್ರ, ಯೂರಿಕ್ ಆಮ್ಲ. ಒಣಗಿದ್ದಷ್ಟು ದಿನ ಅದರಿಂದ ತೊಂದರೆ ಏನೂ ಇಲ್ಲ. ನೀರು ತಾಗಿತೋ, ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಅಮೋನಿಯಾ ಮಾಡುತ್ತವೆ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದ ತಕ್ಷಣ ಕಣ್ಣು ಉರಿಸುವುದು ಇದೇ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅಮೋನಿಯಾ 25 ಪಾಲು ದಾಟಬಾರದು ಎನ್ನುತ್ತಾರೆ ಕೋಳಿ ಸಾಕಣೆ ತಜ್ಞರು. ನಾವು ನಿಂತುಕೊಂಡು ಮೂಸಿ ತೀರ್ಮಾನ ಮಾಡುತ್ತೇವೆ. ಅಮೋನಿಯಾ ಹುಟ್ಟುವುದು ನೆಲದಲ್ಲಿ, ಕೋಳಿಯ ಮೂಗಿರುವುದೂ ಅಲ್ಲೇ. ಒಮ್ಮೆ ಕುಕ್ಕರಗಾಲಲ್ಲಿ ಕೂತು ಉಸಿರೆಳೆದು ನೋಡಿ. ಅದೂ ಒಳಗೆ ಹೋದ ಕೂಡಲೇ ನೋಡಬೇಕು. ಸ್ವಲ್ಪ ಹೊತ್ತಾದರೆ ನಮ್ಮ ಮೂಗಿಗೆ ಅದು ಒಗ್ಗಿ ಹೋಗುತ್ತದೆ.

ಕೋಳಿಯ ಶ್ವಾಸನಾಳದ ಒಳಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಧೂಳು, ರೋಗಾಣುಗಳನ್ನು ಸಿಂಬಳದ ಜೊತೆ ಮೇಲಕ್ಕೆ ತಳ್ಳುವುದು ಅವುಗಳ ಕೆಲಸ. ಅಮೋನಿಯಾ ಈ ರೋಮಗಳನ್ನೇ ಹಾಳು ಮಾಡುತ್ತದೆ. ಹಕ್ಕಿಯ ಉಸಿರಾಟ ನಮ್ಮಂತಲ್ಲ. ಪುಪ್ಪುಸದ ಜೊತೆ ಒಂಬತ್ತು ಗಾಳಿಚೀಲಗಳು ಹೊಟ್ಟೆ, ಎದೆಯ ತನಕ ಹರಡಿವೆ, ಕೆಲವು ಎಲುಬಿನ ಒಳಗೂ ಚಾಚಿವೆ. ಹಾರಲು ಇದು ಭಾರಿ ಒಳ್ಳೆಯ ಏರ್ಪಾಡು. ಕೆಟ್ಟ ಗಾಳಿ ಒಳಗೆ ಹೋದರೆ ಮಾತ್ರ ಸೋಂಕಿಗೂ ಅದೇ ದಾರಿ. ನೆಲಕ್ಕೆ ಹಾಸಿದ, ಬೂಸ್ಟು ಹಿಡಿದ ಹೊಟ್ಟಿನಿಂದ ಏಳುವ ಆಸ್ಪರ್ಜಿಲಸ್ ಶಿಲೀಂಧ್ರದ ಬೀಜಕಣಗಳು ಗಾಳಿಚೀಲದಲ್ಲೇ ಬೆಳೆಯುವುದುಂಟು. ನಾವು ಶೀತ ಎನ್ನುವುದರಲ್ಲಿ ಇಂಥ ಎಷ್ಟೋ ರೋಗಗಳು ಸೇರಿಕೊಂಡಿವೆ.

ಸರಿ, ಕಿಟಕಿ ತೆಗೆಯೋಣ. ಆದರೆ ಜುಲೈಯಲ್ಲಿ ಹೊರಗಿನ ಗಾಳಿಯೇ ಒದ್ದೆ. ಒಗೆದ ಬಟ್ಟೆ ವಾರವಾದರೂ ಒಣಗುವುದಿಲ್ಲ. ಅಂಥ ಗಾಳಿ ಬಿಟ್ಟು ಏನು ಪ್ರಯೋಜನ? ಗೂಡು ಕಟ್ಟುವ ಮೇಸ್ತ್ರಿಯೂ ಇದನ್ನೇ ಕೇಳಿದರು: “ಇಷ್ಟೊಂದು ತೆರೆದು ಬಿಟ್ಟರೆ ಒಳಗೆಲ್ಲ ಥಂಡಿ ಹಿಡಿಯೋದಿಲ್ವಾ ಅಣ್ಣಾ?” ಕೇಳಬೇಕಾದ ಪ್ರಶ್ನೆಯೇ.

ಉತ್ತರ ಇರುವುದು ಕೋಳಿಯ ಮೈ ಬಿಸಿಯಲ್ಲಿ. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 17 ಗ್ರಾಂ ನೀರಾವಿ ಹಿಡಿಯುತ್ತದೆ. ಅದೇ ಗಾಳಿ 23 ಡಿಗ್ರಿಗೆ ಏರಿದರೆ 20 ಗ್ರಾಂಗಿಂತ ಸ್ವಲ್ಪ ಜಾಸ್ತಿಯೇ ಹಿಡಿಯುತ್ತದೆ. ಅಂದರೆ ಪೂರ್ತಿ ಒದ್ದೆಯಾಗಿ ಒಳಗೆ ಬಂದ ಗಾಳಿಯೂ ಮೂರು ಡಿಗ್ರಿ ಬೆಚ್ಚಗಾದರೆ ಇನ್ನೂ ಮೂರು ಗ್ರಾಂ ಹೊತ್ತುಕೊಂಡು ಹೋಗಬಲ್ಲದು. ಬೆಚ್ಚಗೆ ಮಾಡುವವರು ಯಾರು? ಎರಡು ಕೆ.ಜಿ. ತೂಗುವ ಕೋಳಿ ಸುಮಾರು 10 ವ್ಯಾಟ್ ಬಿಸಿ ಹೊರಗೆ ಬಿಡುತ್ತದೆ. ಇಪ್ಪತ್ತು ಕೋಳಿ ಸೇರಿದರೆ ಎರಡು ಹಳೇ ಕಾಲದ ನೂರು ವ್ಯಾಟ್ ಬಲ್ಬು ಹಗಲೂ ರಾತ್ರಿ ಉರಿದಷ್ಟು.

ಲೆಕ್ಕ ಮುಂದುವರಿಸಿದರೆ, ಮೂರು ಲೀಟರ್ ನೀರು ಹೊರಗೆ ಹೋಗಲು ದಿನಕ್ಕೆ ಸಾವಿರ ಘನ ಮೀಟರ್ ಗಾಳಿ ಬೇಕು. ಎಂಟಡಿ ಅಗಲ, ಹತ್ತಡಿ ಉದ್ದ, ಏಳಡಿ ಎತ್ತರದ ಗೂಡಿನಲ್ಲಿ ಹಿಡಿಯುವುದು ಹದಿನಾರು ಘನ ಮೀಟರ್. ಗಂಟೆಗೆ ಎರಡು ಮೂರು ಸಲ ಒಳಗಿನ ಗಾಳಿ ಬದಲಾದರೆ ಸಾಕು. ಫ್ಯಾನ್ ಬೇಡ, ಕರೆಂಟ್ ಬೇಡ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಇರುವುದಾದರೂ ಎಷ್ಟು ಹೊತ್ತು, ಅಲ್ವಾ?

ಬೆಚ್ಚಗಿನ ಗಾಳಿ ಹಗುರ, ಮೇಲಕ್ಕೆ ಹೋಗುತ್ತದೆ. ಮಾಡಿನ ಎರಡು ಇಳಿಜಾರು ಸೇರುವ ತುದಿಯಲ್ಲಿ ಉದ್ದಕ್ಕೂ ನಾಲ್ಕೈದು ಇಂಚು ಸಂದು ಬಿಟ್ಟು, ಅದರ ಮೇಲೆ ಮಳೆ ಬೀಳದಂತೆ ಒಂದು ಟೋಪಿ ಕೂರಿಸಿದರೆ ಅದು ಅಲ್ಲಿಂದ ಹೊರಬೀಳುತ್ತದೆ. ಕೆಳಗಿನ ಜಾಲರಿಯಿಂದ ಹೊಸ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಟಾರ್ಪಲ್ ಕಟ್ಟಿದಾಗ ನಿಲ್ಲುವುದು ಈ ಓಡಾಟ. ಇನ್ನು ತಗಡಿನ ಮಾಡಾದರೆ ರಾತ್ರಿ ತಗಡು ತಣ್ಣಗಾಗುತ್ತದೆ, ನೀರಾವಿ ಅದರ ಒಳಮೈಯಲ್ಲಿ ಹನಿಗಟ್ಟಿ ತೊಟ್ಟಿಕ್ಕುತ್ತದೆ. ಮಾಡು ಸೋರುತ್ತಿದೆ ಎಂದು ತಿಳಿದು ಮೇಲೆ ಹತ್ತಿ ತೂತು ಹುಡುಕುವವರಿದ್ದಾರೆ! ಮಂಗಳೂರು ಹೆಂಚು ಸ್ವಲ್ಪ ನೀರು ಹೀರಿಕೊಳ್ಳುತ್ತದೆ, ಹೆಂಚಿನ ಸಂದಿಯಲ್ಲಿ ಗಾಳಿಯೂ ಆಡುತ್ತದೆ. ನನ್ನ ಓಟು ಹೆಂಚಿಗೆ. ಮಂಗಗಳ ಕಾಟ ಇರುವಲ್ಲಿ ಹೆಂಚಿನ ಕೆಳಗೆ ಜಾಲರಿ ಹೊಡೆಸಿಕೊಳ್ಳಿ.

ಗೂಡಿನ ಉದ್ದ ಪೂರ್ವ-ಪಶ್ಚಿಮಕ್ಕೆ ಇರಬೇಕು, ಪಕ್ಕದ ಗೋಡೆ ಒಂದಡಿ ಸಾಕು, ಉಳಿದದ್ದೆಲ್ಲ ಜಾಲರಿ ಎಂದು ಕೈಪಿಡಿಗಳಲ್ಲಿ ಇರುತ್ತದೆ. ಅದು ಬಯಲುಸೀಮೆಯ ಬಿಸಿಲು ತಪ್ಪಿಸಲು ಮಾಡಿದ ಲೆಕ್ಕ. ಕುಶಾಲನಗರದ ಕಡೆ ನಡೆಯುತ್ತದೆ. ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಮಡಿಕೇರಿಯಲ್ಲಿ, ಅದಕ್ಕೂ ಮಿಗಿಲಾದ ಭಾಗಮಂಡಲದಲ್ಲಿ ಒಂದಡಿ ಗೋಡೆ ಯಾವ ಮೂಲೆಗೂ ಸಾಲದು. ಉದ್ದ ಪೂರ್ವ-ಪಶ್ಚಿಮಕ್ಕೇ ಇರಲಿ, ಆಗ ಮುಂಗಾರಿಗೆ ಎದುರಾಗುವ ಪಶ್ಚಿಮದ ಗೋಡೆ ಚಿಕ್ಕದಾಗುತ್ತದೆ. ಅದನ್ನು ಪೂರ್ತಿ ಮುಚ್ಚಿಬಿಡಿ. ದಕ್ಷಿಣದ ಗೋಡೆ ಕೋಳಿ ಕೂರುವ ಎತ್ತರಕ್ಕಿಂತ ಮೇಲೆ ಬರಲಿ. ಉತ್ತರಕ್ಕೆ ಮೊಣಕಾಲೆತ್ತರದಿಂದ ಜಾಲರಿ. ಸೂರು ಮೂರಡಿಯಾದರೂ ಹೊರಗೆ ಚಾಚಿರಬೇಕು. ಬೆಟ್ಟದ ಮರೆಯಲ್ಲಿ ಗಾಳಿ ತನಗೆ ಬೇಕಾದ ಹಾಗೆ ತಿರುಗುತ್ತದೆ ನಿಜ. ನಿಮ್ಮ ಅಂಗಳದಲ್ಲಿ ಮಳೆ ಯಾವ ಕಡೆಯಿಂದ ಹೊಡೆಯುತ್ತದೆ ಎಂದು ತಿಳಿಯಲು, ಮನೆಯ ಯಾವ ಗೋಡೆಗೆ ಪಾಚಿ ಜಾಸ್ತಿ ಹಿಡಿದಿದೆ ನೋಡಿ.

ಗಾಳಿ ಬೇಕು, ಆದರೆ ಮಲಗಿದ ಕೋಳಿಯ ಮೈಗೆ ನೇರ ಬೀಸಬಾರದು. ಇದನ್ನು ನೋಡಲು ಊದುಬತ್ತಿ ಸಾಕು. ಕತ್ತಲಾದ ಮೇಲೆ ಕೋಳಿಗಳು ಕೂತಿರುವ ಮಟ್ಟದಲ್ಲಿ ಹೊಟ್ಟು ತಾಗದಂತೆ ಹಿಡಿದುಕೊಂಡು ಟಾರ್ಚ್ ಬಿಡಿ. ಹೊಗೆ ನೆಟ್ಟಗೆ ಎದ್ದು, ಮಾಡಿನ ಹತ್ತಿರ ಹೋಗಿ, ಅಲ್ಲಿಂದ ತುದಿಯ ಸಂದಿನ ಕಡೆ ವಾಲಿದರೆ ಗೂಡು ಸರಿಯಾಗಿದೆ. ಕೈಯ ಹತ್ತಿರವೇ ಅಡ್ಡ ಹರಿದು ಚದುರಿದರೆ ಆ ಕಡೆ ಒಂದು ಹಲಗೆ ಹೊಡೆಸಬೇಕು. ಮೇಲೆ ಹೋದ ಹೊಗೆ ಅಲ್ಲೇ ಸುತ್ತುತ್ತಾ ನಿಂತರೆ ಸಂದು ಸಾಲದು.

ನೆಲಕ್ಕೆ ಭತ್ತದ ಹೊಟ್ಟು ಅಥವಾ ಮರದ ಹೊಟ್ಟು ನಾಲ್ಕರಿಂದ ಆರು ಇಂಚು. ಒಂದು ಹಿಡಿ ತೆಗೆದು ಹಿಂಡಿ. ಕೈ ಬಿಚ್ಚಿದಾಗ ಮೆಲ್ಲಗೆ ಒಡೆದರೆ ಹದ ಸರಿ, ಉಂಡೆಯಾಗಿಯೇ ಉಳಿದರೆ ಒದ್ದೆ. ಇದು ಬರೀ ವಾಸನೆಯ ವಿಷಯ ಅಲ್ಲ. ರಕ್ತಭೇದಿ ತರುವ ಕಾಕ್ಸಿಡಿಯಾ ಪರಾವಲಂಬಿ ಹಿಕ್ಕೆಯಲ್ಲಿ ಬಿದ್ದ ಕೂಡಲೇ ರೋಗ ಹರಡುವುದಿಲ್ಲ. ಅದು ಬಲಿಯಲು ತೇವ, ಸ್ವಲ್ಪ ಬಿಸಿ, ಆಮ್ಲಜನಕ, ಒಂದೆರಡು ದಿನ ಬೇಕು. ಒಣ ಹೊಟ್ಟಿನಲ್ಲಿ ತೇವ ಸಿಗುವುದಿಲ್ಲ. ಮಳೆ ತೀರಾ ಜಾಸ್ತಿ ಇರುವ ಊರಲ್ಲಿ ಹೊಟ್ಟಿನ ಸಹವಾಸವೇ ಬೇಡ. ನೆಲದಿಂದ ಮೂರಡಿ ಮೇಲೆ ಸಂದು ಬಿಟ್ಟ ಪಟ್ಟಿಯ ಅಟ್ಟಣಿಗೆ ಮಾಡಿ, ಹಿಕ್ಕೆ ಕೆಳಗೆ ಬೀಳಲಿ.

ಕೋಳಿ ಮಲಗಲು ಎತ್ತರ ಹುಡುಕುವುದು ಕಾಡಿನ ಅಭ್ಯಾಸ. ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿ. ನಮ್ಮ ತೋಟದ ಅಂಚಿನಲ್ಲಿ ಕೂಗುವುದು ಬೂದು ಕಾಡುಕೋಳಿ, ಅದು ದೂರದ ನೆಂಟ. ಆದರೂ ಸಾಕುಕೋಳಿಯ ಹಳದಿ ಕಾಲಿಗೆ ಕಾರಣವಾದ ಜೀನ್ ಬಂದಿರುವುದು ಈ ಬೂದು ಕೋಳಿಯಿಂದ ಎಂದು ಸ್ವೀಡನ್‌ನ ಉಪ್ಸಾಲ ವಿಶ್ವವಿದ್ಯಾಲಯದ ವಿಜ್ಞಾನಿಗಳು 2008ರಲ್ಲಿ ತೋರಿಸಿದರು. ಎರಡೂ ಜಾತಿಯವು ರಾತ್ರಿ ಮರದ ಕೊಂಬೆಯ ಮೇಲೇ ಕಳೆಯುತ್ತವೆ. ಹಾಗಾಗಿ ಮುಚ್ಚಿದ ಗೋಡೆಯ ಬದಿಗೆ ಅಡ್ಡಕೋಲು ಹಾಕಿ, ಒಂದು ಕೋಳಿಗೆ ಎಂಟರಿಂದ ಹತ್ತು ಇಂಚು ಜಾಗ ಬಿಡಿ. ಮೊಟ್ಟೆ ಇಡುವ ಪೆಟ್ಟಿಗೆಗಿಂತ ಕೋಲು ಮೇಲಿರಬೇಕು, ಇಲ್ಲದಿದ್ದರೆ ಪೆಟ್ಟಿಗೆಯಲ್ಲೇ ಮಲಗಿ ಗಲೀಜು ಮಾಡುತ್ತವೆ. ನಾಟಿ ಕೋಳಿ ನಾಲ್ಕಡಿ ಹಾರಿ ಕೂರುತ್ತದೆ. ಗಿರಿರಾಜ ಭಾರದ ಕೋಳಿ, ಎತ್ತರದಿಂದ ಧುಮುಕಿದರೆ ಕಾಲಿಗೆ ಪೆಟ್ಟು. ಅದಕ್ಕೆ ಎರಡಡಿ ಸಾಕು. ಬಿದಿರಿಗಿಂತ ತೊಗಟೆ ತೆಗೆದ ಸಿಲ್ವರ್ ಓಕ್ ಕೋಲು ಒಳ್ಳೆಯದು. ಬಿದಿರಿನ ಬಿರುಕಿನಲ್ಲಿ ಕೆಂಪು ನುಸಿ ಹಗಲೆಲ್ಲ ಅಡಗಿದ್ದು ರಾತ್ರಿ ರಕ್ತ ಹೀರಲು ಬರುತ್ತದೆ. ಕೋಲಿನ ಅಡಿಯನ್ನು ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ, ಕೆಂಪು ಗೀರು ಬಿದ್ದರೆ ನುಸಿ ಇದೆ.

ಆರು ಮೂಲೆಯ ತೂತಿನ ತೆಳು ಕೋಳಿಬಲೆ ಕೋಳಿಯನ್ನು ಒಳಗೆ ಇಡುತ್ತದೆ ಅಷ್ಟೇ. ನಾಯಿ ಹರಿಯುತ್ತದೆ, ಪುನುಗು ಬೆಕ್ಕು ಕೈ ತೂರಿಸುತ್ತದೆ, ಮರಿ ಹಾವು ಸಲೀಸಾಗಿ ನುಗ್ಗುತ್ತದೆ. ಅರ್ಧ ಇಂಚಿನ ವೆಲ್ಡ್ ಮೆಶ್‌ಗೆ ಕಾಸು ಜಾಸ್ತಿ, ಆದರೆ ಅದನ್ನೇ ಹಾಕಿ. ಮುಂಗುಸಿ ಮಣ್ಣು ಕೆದಕಿ ಬರದಂತೆ ಬುಡಕ್ಕೆ ಕಲ್ಲಿನ ಕಟ್ಟೆ ಬೇಕು.

ಗೂಡಿನಲ್ಲಿ ಅಮೋನಿಯಾ ನಾತ ಬಂದರೆ ಕಾಫಿ ಗಿಡಕ್ಕೆ ಹೋಗಬೇಕಿದ್ದ ಸಾರಜನಕ ಗಾಳಿಗೆ ಹೋಗುತ್ತಿದೆ ಎಂದೂ ಅರ್ಥ. ಒಣಗಿದ ಗೊಬ್ಬರದಲ್ಲಿ ಅದು ಹೆಚ್ಚು ಉಳಿಯುತ್ತದೆ. ಹಸಿ ಕೋಳಿ ಗೊಬ್ಬರ ಬೇರು ಸುಡುತ್ತದೆ, ಎರಡು ಮೂರು ತಿಂಗಳು ಮಳೆ ತಾಗದ ಕಡೆ ರಾಶಿ ಹಾಕಿ ಕೊಳೆಸಬೇಕು. ಸೆಪ್ಟೆಂಬರ್‌ನಲ್ಲಿ ಮಳೆ ಬಿಟ್ಟ ಮೇಲೆ ಬುಡಕ್ಕೆ ಹಾಕಬಹುದು. ಬಗ್ಗಿ ನುಸುಳಬೇಕಾದ ಗೂಡನ್ನು ಮಳೆಗಾಲದಲ್ಲಿ ಯಾರೂ ಕ್ಲೀನ್ ಮಾಡುವುದಿಲ್ಲ. ಬಾಗಿಲು ತಲೆಗೆ ತಾಗದಷ್ಟು ಎತ್ತರಕ್ಕೆ, ಕೈಗಾಡಿ ಒಳಗೆ ಹೋಗುವಷ್ಟು ಅಗಲಕ್ಕೆ ಇಡಿಸಿ.