ಆಧಾರ್ ಲಿಂಕ್ ಬೇರೆ, ಸೀಡಿಂಗ್ ಬೇರೆ

ಗೃಹಲಕ್ಷ್ಮಿ ಹಣ ನಿಂತುಹೋಗಿದೆ ಎಂದವರಿಗೆಲ್ಲ ‘ಬ್ಯಾಂಕಿಗೆ ಹೋಗಿ ಆಧಾರ್ ಲಿಂಕ್ ಮಾಡಿಸಿ’ ಎಂದು ಬುದ್ಧಿ ಹೇಳುವವರು ದಯವಿಟ್ಟು ಆ ಮಾತನ್ನು ನಿಲ್ಲಿಸಬೇಕು. ಬ್ಯಾಂಕಿಗೆ ಹೋದರೆ ಕೌಂಟರಿನಲ್ಲಿ ‘ಲಿಂಕ್ ಆಗಿದೆಯಲ್ಲಮ್ಮ’ ಅನ್ನುತ್ತಾರೆ. ಗ್ರಾಮ ಒನ್‌ಗೆ ಬಂದರೆ ‘ಆಗಿಲ್ಲ’ ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಇಬ್ಬರೂ ನೋಡುತ್ತಿರುವ ಕಡತ ಬೇರೆ ಬೇರೆ, ಅಷ್ಟೇ. ನಡುವೆ ಓಡಾಡಿದವರ ಒಂದು ದಿನದ ಕೂಲಿ ಮಾತ್ರ ಹೋಯಿತು.

ಲಿಂಕ್ ಎಂದರೆ ನಿಮ್ಮ ಆಧಾರ್ ಸಂಖ್ಯೆ ಬ್ಯಾಂಕಿನ ಸ್ವಂತ ಕಂಪ್ಯೂಟರಿನಲ್ಲಿ ನಿಮ್ಮ ಖಾತೆಯ ಎದುರು ದಾಖಲಾಗುವುದು. ಐದು ಬ್ಯಾಂಕಿನಲ್ಲಿ ಖಾತೆಯಿದ್ದರೆ ಐದರಲ್ಲೂ ಇದು ಆಗಿರಬಹುದು. ಸೀಡಿಂಗ್ ಎಂದರೆ ‘ಈ ಆಧಾರ್‌ಗೆ ಬರುವ ಸರ್ಕಾರಿ ಹಣ ನಮ್ಮ ಬ್ಯಾಂಕಿಗೆ ಬರಲಿ’ ಎಂದು ಬ್ಯಾಂಕು ನಿಮ್ಮ ಒಪ್ಪಿಗೆ ಪಡೆದು ಎನ್‌ಪಿಸಿಐಗೆ, ಅಂದರೆ ಭಾರತೀಯ ರಾಷ್ಟ್ರೀಯ ಪಾವತಿ ನಿಗಮಕ್ಕೆ ತಿಳಿಸುವುದು. ಅದು ದಾಖಲಾಗುವ ಪಟ್ಟಿಗೆ ಮ್ಯಾಪರ್ ಎಂದು ಹೆಸರು. ಅದರಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕು. ಕೊನೆಯದಾಗಿ ಯಾವ ಬ್ಯಾಂಕು ಸೀಡ್ ಮಾಡಿತೋ ಹಣ ಅಲ್ಲಿಗೇ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಮ್ಯಾಪರ್‌ನಲ್ಲಿ ಖಾತೆ ಸಂಖ್ಯೆಯೇ ಇರುವುದಿಲ್ಲ. ಆಧಾರ್, ಬ್ಯಾಂಕನ್ನು ಗುರುತಿಸುವ ಒಂದು ಕೋಡ್, ಸಕ್ರಿಯವೋ ನಿಷ್ಕ್ರಿಯವೋ ಎಂಬ ಸ್ಥಿತಿ, ಇಷ್ಟಿದ್ದರೆ ಅದಕ್ಕೆ ಸಾಕು. ಊರಿನ ಹೆಸರು ಬರೆದು ಮನೆ ನಂಬರ್ ಬಿಟ್ಟ ಕಾಗದದ ಹಾಗೆ. ಯಾವ ಖಾತೆಗೆ ಹಾಕಬೇಕು ಎಂಬುದನ್ನು ಬ್ಯಾಂಕು ತನ್ನ ದಾಖಲೆ ನೋಡಿ ನಿರ್ಧರಿಸುತ್ತದೆ. ಒಂದೇ ಬ್ಯಾಂಕಿನಲ್ಲಿ ಜನಧನ್ ಖಾತೆಯೂ ಸ್ತ್ರೀಶಕ್ತಿ ಸಂಘದ ಕಾಲದಲ್ಲಿ ತೆಗೆದ ಹಳೆಯ ಖಾತೆಯೂ ಇದ್ದರೆ, ಹಣ ನೀವು ಪಾಸ್‌ಬುಕ್ ಎಂಟ್ರಿ ಹಾಕಿಸದ ಖಾತೆಗೆ ಬಿದ್ದಿರುವ ಸಾಧ್ಯತೆಯೂ ಇದೆ.

ಈ ಗೊಂದಲಕ್ಕೆ ಅರ್ಧ ಕಾರಣ ‘ಜೋಡಣೆ’ ಎಂಬ ಸರ್ಕಾರಿ ಕನ್ನಡ. ಸೀಡ್ ಎಂದರೆ ಬೀಜ. ಒಂದು ಕಡತದ ಸಂಖ್ಯೆಯನ್ನು ಇನ್ನೊಂದು ಕಡತದೊಳಗೆ ಊರಿಡುವುದಕ್ಕೆ ಕಂಪ್ಯೂಟರಿನವರು ಈ ಮಾತು ಬಳಸಿದರು. ಹಾಗಾಗಿ ರೇಷನ್ ಕಾರ್ಡಿಗೂ ಸೀಡಿಂಗ್ ಇದೆ, ಜಾಬ್ ಕಾರ್ಡಿಗೂ ಇದೆ. ಪಿಎಂ ಕಿಸಾನ್‌ನಲ್ಲಂತೂ ‘ಲ್ಯಾಂಡ್ ಸೀಡಿಂಗ್’ ಎಂದೇ ಇದೆ. ರೈತರಿಗೆ ಬಿತ್ತನೆಯಂತೆ ಕೇಳಿಸುವ ಆ ಮಾತಿನ ಅರ್ಥ ಫಲಾನುಭವಿಯ ಹೆಸರಿಗೆ ಪಹಣಿ ತಾಳೆಯಾಗಿದೆ ಎಂದಷ್ಟೇ. ಪಿಎಂ ಕಿಸಾನ್ ಕಂತು ಬರಲು ಲ್ಯಾಂಡ್ ಸೀಡಿಂಗ್, ಇ-ಕೆವೈಸಿ (ಆಧಾರ್ ಮೂಲಕ ಗುರುತಿನ ಪರಿಶೀಲನೆ), ಬ್ಯಾಂಕ್ ಸೀಡಿಂಗ್ ಮೂರೂ ಆಗಿರಬೇಕು. ಇವುಗಳನ್ನೆಲ್ಲ ‘ಆಧಾರ್ ಜೋಡಣೆ’ ಎಂದು ಒಂದೇ ಗೋಣಿಗೆ ತುಂಬಿದರೆ ಯಾವುದು ಬಾಕಿಯಿದೆ ಎಂದು ರೈತ ಹೇಗೆ ಕೇಳಬೇಕು? ಹಳ್ಳಿಯವರೇ ವಾಸಿ, ‘ಎನ್‌ಪಿಸಿಐ ಮಾಡಿಸ್ಬೇಕು’ ಅನ್ನುತ್ತಾರೆ. ಎನ್‌ಪಿಸಿಐ ಒಂದು ಸಂಸ್ಥೆ, ಮಾಡಿಸುವ ಕೆಲಸವಲ್ಲ ಎಂದು ತಿದ್ದಲು ಹೋಗಬೇಡಿ. ಕೌಂಟರಿನಲ್ಲಿ ಸರಿಯಾದ ಫಾರಂ ಕೈಗೆ ಬರುವುದು ಆ ಮಾತಿನಿಂದಲೇ.

ಹೆಬ್ಬೆಟ್ಟು ಒತ್ತಿ ಹಣ ತೆಗೆಯುವುದು ದಾರಿ ತಪ್ಪಿಸುವ ಇನ್ನೊಂದು ಪುರಾವೆ. ಬ್ಯಾಂಕ್ ಮಿತ್ರರ ಯಂತ್ರದಲ್ಲಿ ನೀವೇ ಬ್ಯಾಂಕಿನ ಹೆಸರು ಹೇಳುತ್ತೀರಿ, ಯಂತ್ರ ನೇರ ಆ ಬ್ಯಾಂಕನ್ನು ಕೇಳುತ್ತದೆ. ಅದಕ್ಕೆ ಲಿಂಕ್ ಸಾಕು. ‘ಬೆರಳಿಟ್ಟರೆ ದುಡ್ಡು ಬರ್ತದೆ, ಹಾಗಾದ್ರೆ ಸೀಡಿಂಗ್ ಆಗಿದೆ’ ಎಂಬುದು ತಪ್ಪು ಲೆಕ್ಕ.

ಸರಿಯಾಗಿ ನೋಡಬೇಕಾದರೆ ಮೈಆಧಾರ್ ಪೋರ್ಟಲ್‌ಗೆ ಒಟಿಪಿ ಕೊಟ್ಟು ಹೋಗಿ, ಬ್ಯಾಂಕ್ ಸೀಡಿಂಗ್ ಸ್ಥಿತಿ ತೆರೆಯಿರಿ. ಆಧಾರ್‌ಗೆ ಮೊಬೈಲ್ ನಂಬರ್ ಕೊಟ್ಟಿರದಿದ್ದರೆ ಒಟಿಪಿ ಬರುವುದಿಲ್ಲ, ಮೊದಲು ಆಧಾರ್ ಕೇಂದ್ರದಲ್ಲಿ ಅದನ್ನು ಸೇರಿಸಿ. ಪರದೆಯಲ್ಲಿ ಬ್ಯಾಂಕಿನ ಹೆಸರು ಮತ್ತು ಸ್ಥಿತಿ ಕಾಣುತ್ತದೆ. ಬೇರೆ ಬ್ಯಾಂಕಿನ ಹೆಸರಿದ್ದರೆ ಹಣ ಬಂದಿಲ್ಲ ಎಂದು ದೂರು ಕೊಡುವ ಮೊದಲು ಆ ಬ್ಯಾಂಕಿನ ಪಾಸ್‌ಬುಕ್ ಹುಡುಕಿ. ಬದಲಿಸಲು ಬೇಕಾದ ಬ್ಯಾಂಕಿನಲ್ಲಿ ಸೀಡಿಂಗ್ ಒಪ್ಪಿಗೆ ಪತ್ರ ಕೊಡಬೇಕು. ಅದರಲ್ಲಿ ಹೊಸದಾಗಿ ಸೀಡಿಂಗ್, ಬೇರೆ ಬ್ಯಾಂಕಿನಿಂದ ವರ್ಗಾವಣೆ, ಸೀಡಿಂಗ್ ತೆಗೆಯುವುದು ಎಂಬ ಆಯ್ಕೆಗಳಿರುತ್ತವೆ. ವರ್ಗಾವಣೆಯಾದರೆ ಹಳೆಯ ಬ್ಯಾಂಕಿನ ಹೆಸರು ಬರೆಯಲೇಬೇಕು. ಅದನ್ನು ಖಾಲಿ ಬಿಟ್ಟು ‘ಹೊಸದು’ ಎಂದು ಗುರುತು ಹಾಕುವುದರಿಂದಲೇ ಎಷ್ಟೋ ಅರ್ಜಿ ಮೇಲೆ ಹೋಗಿ ಬಿದ್ದುಹೋಗುತ್ತವೆ.

ಹಳೆಯ ಬ್ಯಾಂಕಿನ ಹೆಸರು ಕೇಳುವುದು ಸುಮ್ಮನೆ ಕಿರಿಕಿರಿಗಲ್ಲ, ನಿಮಗೆ ಗೊತ್ತಿಲ್ಲದೆ ಬ್ಯಾಂಕು ಬದಲಾಗದಿರಲಿ ಎಂದು. 2017ರಲ್ಲಿ ಸಿಮ್ ಪರಿಶೀಲನೆಗೆ ಆಧಾರ್ ಕೊಟ್ಟವರಿಗೆ ಗೊತ್ತಿಲ್ಲದೆಯೇ ಏರ್‌ಟೆಲ್ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದು, ಗ್ಯಾಸ್ ಸಬ್ಸಿಡಿ ಅಲ್ಲಿಗೆ ಹೋಗಿದ್ದು ದೊಡ್ಡ ಸುದ್ದಿಯಾಗಿತ್ತು. ಆ ವರ್ಷದ ಡಿಸೆಂಬರ್‌ನಲ್ಲಿ ಆಧಾರ್ ಪ್ರಾಧಿಕಾರ ಕಂಪನಿಯ ಇ-ಕೆವೈಸಿ ಪರವಾನಗಿಯನ್ನೇ ಅಮಾನತಿನಲ್ಲಿಟ್ಟಿತು.

ಈಗ ಅದೇ ಕೆಲಸ ಒಳ್ಳೆಯ ಮನಸ್ಸಿನಿಂದ ನಡೆಯುತ್ತಿದೆ. ಗೃಹಲಕ್ಷ್ಮಿ ಬರದಿದ್ದರೆ ‘ಅಂಚೆ ಕಚೇರಿಯಲ್ಲಿ ಪೇಮೆಂಟ್ಸ್ ಬ್ಯಾಂಕ್ ಖಾತೆ ಮಾಡಿಸಿ’ ಎನ್ನುವುದು ಸಿದ್ಧ ಪರಿಹಾರ. ಖಾತೆ ಬೇಗ ಆಗುತ್ತದೆ, ಸೀಡಿಂಗೂ ಆಗುತ್ತದೆ, ನಿಜ. ಆದರೆ ಆಧಾರ್ ಮೇಲೆ ಬರುವ ಉಳಿದ ಹಣವೂ ಅದರ ಹಿಂದೆಯೇ ಹೊರಡುತ್ತದೆ ಎಂದು ಯಾರೂ ಹೇಳುವುದಿಲ್ಲ. ನರೇಗಾ ಕೂಲಿಗೆ 2024ರ ಜನವರಿ 1ರಿಂದ ಆಧಾರ್ ಆಧಾರಿತ ಪಾವತಿಯೇ ಕಡ್ಡಾಯವಾಯಿತು. ಗೃಹಲಕ್ಷ್ಮಿಯ 2000 ರೂಪಾಯಿಗೆಂದು ಬದಲಿಸಿದ ಬ್ಯಾಂಕಿಗೆ ಆಕೆಯ ಕೂಲಿಯೂ ಹೋಗಿ, ಹಳೆಯ ಪಾಸ್‌ಬುಕ್ ಖಾಲಿ ಕಾಣುವುದು ಹೀಗೆ.

ಸೀಡಿಂಗ್ ಸರಿಯಿದ್ದೂ ಹಣ ವಾಪಸಾದರೆ ದೋಷ ಖಾತೆಯದು. ಮುಚ್ಚಿದ ಖಾತೆ, ಕೆವೈಸಿ ನವೀಕರಿಸದೆ ತಡೆಹಿಡಿದ ಖಾತೆ ಮಾಮೂಲಿ ಕಾರಣಗಳು. 2014-15ರಲ್ಲಿ ತೆರೆದ ಜನಧನ್ ಖಾತೆಗಳಿಗೆ ಹತ್ತು ವರ್ಷ ತುಂಬಿ ಮರು-ಕೆವೈಸಿ ಬಾಕಿ ಬಿದ್ದಿದ್ದಕ್ಕೇ 2025ರಲ್ಲಿ ಪಂಚಾಯಿತಿಗಳಲ್ಲಿ ಶಿಬಿರ ನಡೆದದ್ದು. ಸರಿಯಾದ ದಾಖಲೆ ಕೊಡದೆ ತೆರೆದ ‘ಸಣ್ಣ ಖಾತೆ’ಗೆ ಇನ್ನೊಂದು ಕಟ್ಟುಪಾಡು ಇದೆ. ವರ್ಷಕ್ಕೆ ಒಟ್ಟು 1 ಲಕ್ಷಕ್ಕಿಂತ ಹೆಚ್ಚು ಜಮೆಯಾಗುವಂತಿಲ್ಲ, ಉಳಿಕೆಯೂ 50,000 ದಾಟುವಂತಿಲ್ಲ, ಆದರೆ ಸರ್ಕಾರಿ ಸಹಾಯಧನ ಜಮೆಯಾಗುವಾಗ ಈ ಉಳಿಕೆ ಮಿತಿ ಲೆಕ್ಕಕ್ಕೆ ಬರುವುದಿಲ್ಲ. ಇಂಥ ಖಾತೆಗೆ ಮತ್ತೆ ಮತ್ತೆ ಸೀಡಿಂಗ್ ಮಾಡಿಸಿ ಪ್ರಯೋಜನವಿಲ್ಲ, ಕೆವೈಸಿ ಕೊಟ್ಟು ಪೂರ್ಣ ಖಾತೆಯಾಗಿ ಬದಲಿಸಿಕೊಳ್ಳಬೇಕು.