ನೌಕಾಪಡೆಯ ಲೆಕ್ಕ ಬಿಡಿಸಿದ ಇಬ್ಬರು

ಜಿಪಿಎಸ್ ಉಪಗ್ರಹಗಳಿಂದ ಸಿಗುವ ಎತ್ತರವನ್ನು ತಿದ್ದದೆ ಹಾಗೇ ತೋರಿಸಿದರೆ ಬೆಂಗಳೂರು ಸುಮಾರು 85 ಮೀಟರ್ ಕುಸಿದಂತೆ ಕಾಣುತ್ತದೆ. ಉಪಗ್ರಹದ್ದೇನೂ ತಪ್ಪಿಲ್ಲ. ಅದರ ಲೆಕ್ಕ ಶುರುವಾಗುವುದು ಧ್ರುವಗಳಲ್ಲಿ ತುಸು ಚಪ್ಪಟೆಯಾದ, ನುಣುಪಾದ ಒಂದು ಕಾಲ್ಪನಿಕ ಭೂಮಿಯಿಂದ. ನಮ್ಮದು ಸಮುದ್ರಮಟ್ಟದಿಂದ. ಆದರೆ ಸಮುದ್ರಮಟ್ಟವೇ ಸಮ ಇಲ್ಲ. ಭೂಮಿಯ ಒಳಗೆ ದ್ರವ್ಯ ಎಲ್ಲ ಕಡೆ ಒಂದೇ ಸಮ ಹಂಚಿಲ್ಲವಲ್ಲ. ಜಾಸ್ತಿ ಇರುವ ಕಡೆ ಗುರುತ್ವ ನೀರನ್ನು ಎಳೆದು ಉಬ್ಬಿಸುತ್ತದೆ, ಕಡಿಮೆ ಇರುವ ಕಡೆ ತಗ್ಗು ಬೀಳುತ್ತದೆ. ಪ್ರಪಂಚದ ಅತಿ ಆಳದ ಅಂಥ ತಗ್ಗು ಶ್ರೀಲಂಕಾದ ದಕ್ಷಿಣಕ್ಕಿದೆ. ನೂರು ಮೀಟರಿಗೂ ಜಾಸ್ತಿ ಆಳ! ಅದರ ಅಂಚು ನಮ್ಮವರೆಗೂ ಚಾಚಿದೆ. ಈ ಉಬ್ಬುತಗ್ಗಿನ ಮೇಲ್ಮೈಗೆ ಜಿಯಾಯ್ಡ್ ಎಂದು ಹೆಸರು.

ಅದನ್ನು ಲೆಕ್ಕದಲ್ಲಿ ಹಿಡಿಯಲು ದಶಕಗಟ್ಟಲೆ ದುಡಿದವರಲ್ಲಿ ಗ್ಲಾಡಿಸ್ ವೆಸ್ಟ್ ಒಬ್ಬರು. ವರ್ಜೀನಿಯಾದ ರೈತರ ಮಗಳು. 1956ರಲ್ಲಿ ಅಮೆರಿಕದ ನೌಕಾಪಡೆಯ ಡಾಲ್ಗ್ರೆನ್ ಕೇಂದ್ರಕ್ಕೆ ಗಣಿತಜ್ಞೆಯಾಗಿ ಸೇರಿದಾಗ ಅಲ್ಲಿ ಇವರೂ ಸೇರಿ ಕಪ್ಪುವರ್ಣೀಯರು ನಾಲ್ಕೇ ಜನ. ನೌಕಾಪಡೆಗೆ ಇದೆಲ್ಲ ಯಾಕೆ ಬೇಕಿತ್ತು ಅಂತೀರಾ? ಗುರುತ್ವದ ಏರುಪೇರು ಗೊತ್ತಿಲ್ಲದಿದ್ದರೆ ಉಪಗ್ರಹದ ದಾರಿಯೂ ಕರಾರುವಾಕ್ಕಾಗಿ ಸಿಗುವುದಿಲ್ಲ, ಕ್ಷಿಪಣಿ ಬೀಳುವ ಜಾಗವೂ ಸಿಗುವುದಿಲ್ಲ.

1978ರಲ್ಲಿ ಹಾರಿದ ಸೀಸ್ಯಾಟ್ ಉಪಗ್ರಹ ಸುಮಾರು 800 ಕಿಲೋಮೀಟರ್ ಮೇಲಿನಿಂದ ಸಮುದ್ರಕ್ಕೆ ರೇಡಾರ್ ಅಲೆ ಬಿಡುತ್ತಿತ್ತು. ಅದು ವಾಪಸ್ ಬರಲು ಹಿಡಿದ ಸಮಯವೇ ದೂರದ ಅಳತೆ. ಕೇಳಲು ಸುಲಭ, ಅಲ್ವಾ? ಆ ಅಳತೆಯಿಂದ ಉಬ್ಬರವಿಳಿತ ಕಳೆಯಬೇಕು, ಅಲೆಗಳ ಪರಿಣಾಮ ಕಳೆಯಬೇಕು, ಗಾಳಿಯ ತೇವದಿಂದ ಆದ ತಡವನ್ನೂ ಕಳೆಯಬೇಕು. ಡಾಲ್ಗ್ರೆನ್‌ನಲ್ಲಿ ಆ ಯೋಜನೆಯ ಹೊಣೆ ವೆಸ್ಟ್ ಅವರದು. ಮುಂದೆ ಜಿಯೋಸ್ಯಾಟ್ ಉಪಗ್ರಹದ ಮಾಹಿತಿ ಸಂಸ್ಕರಿಸುವ ಕೈಪಿಡಿಯನ್ನೂ ಬರೆದರು. ಜಿಪಿಎಸ್ ನಿಂತಿರುವುದು ಇಂಥ ಭೂಮಾದರಿಗಳ ಮೇಲೆ.

ಅದೇ 1956ರಲ್ಲಿ, ಡಾಲ್ಗ್ರೆನ್ ಇರುವ ಅದೇ ಪೊಟೊಮ್ಯಾಕ್ ನದಿಯ ಮೇಲ್ಭಾಗದಲ್ಲಿದ್ದ ನೌಕಾಪಡೆಯ ಇನ್ನೊಂದು ಕೇಂದ್ರಕ್ಕೆ ರೇ ಮಾಂಟಗ್ಯೂ ಎಂಬಾಕೆ ಟೈಪಿಸ್ಟ್ ಆಗಿ ಸೇರಿದರು. ಆಸೆ ಇದ್ದದ್ದು ಇಂಜಿನಿಯರಿಂಗ್ ಮೇಲೆ. ಅವರ ಅರ್ಕನ್ಸಾದಲ್ಲಿ ಆಗ ಕಪ್ಪುವರ್ಣೀಯರಿಗೆ ಆ ಸೀಟು ಸಿಗುತ್ತಿರಲಿಲ್ಲ, ಹಾಗಾಗಿ ಬಿಸಿನೆಸ್ ಪದವಿ ಓದಿದ್ದರು. ಪಕ್ಕದಲ್ಲೇ ಯೂನಿವ್ಯಾಕ್ ಕಂಪ್ಯೂಟರ್. ನಡೆಸುವವರನ್ನು ನೋಡಿ ನೋಡಿಯೇ ಕಲಿತರು. ಒಂದು ದಿನ ಅವರೆಲ್ಲ ಹುಷಾರಿಲ್ಲವೆಂದು ಬರಲಿಲ್ಲ. ಯಂತ್ರವನ್ನು ಇವರೇ ನಡೆಸಿದರು.

ಮುಂದೆ ಕಂಪ್ಯೂಟರಿನಲ್ಲಿ ಹಡಗು ವಿನ್ಯಾಸ ಮಾಡುವ ವ್ಯವಸ್ಥೆ ಕಟ್ಟಲು ಮೇಲಧಿಕಾರಿ ಆರು ತಿಂಗಳು ಕೊಟ್ಟರು. ಇಲಾಖೆ ಅದಕ್ಕಾಗಿ ವರ್ಷಗಟ್ಟಲೆ ಹೆಣಗಿ ಕೈಚೆಲ್ಲಿತ್ತು ಅನ್ನುವುದನ್ನು ಮಾತ್ರ ಹೇಳಲಿಲ್ಲ! ರಾತ್ರಿ ಒಬ್ಬರೇ ಕೂತು ಕೆಲಸ ಮಾಡುವಂತಿಲ್ಲ ಅಂದಾಗ ಮಾಂಟಗ್ಯೂ ತಮ್ಮ ತಾಯಿಯನ್ನೂ ಪುಟ್ಟ ಮಗನನ್ನೂ ಜೊತೆಗೆ ಕರೆದುಕೊಂಡು ಬಂದರು. 1971ರಲ್ಲಿ ಒಂದು ಯುದ್ಧನೌಕೆಯ ಕರಡು ವಿನ್ಯಾಸ 19 ಗಂಟೆಯೊಳಗೆ ಕೈಗೆ ಬಂತು. ಹಿಂದೆ ಅಷ್ಟಕ್ಕೇ ಎರಡು ವರ್ಷ ಹಿಡಿಯುತ್ತಿತ್ತು.

1972ರಲ್ಲಿ ನೌಕಾಪಡೆ ಅವರಿಗೆ ಪ್ರಶಸ್ತಿ ಕೊಟ್ಟಿತು, ನಿಜ. ಆದರೆ ಅಮೆರಿಕದ ಟಿವಿ ನೋಡುವ ಜನಕ್ಕೆ ಅವರ ಹೆಸರು ಗೊತ್ತಾದದ್ದು 2017ರಲ್ಲಿ, ಅವರಿಗೆ 82 ವರ್ಷವಾದಾಗ. ಮರುವರ್ಷವೇ ತೀರಿಕೊಂಡರು. ರಕ್ಷಣಾ ಇಲಾಖೆಯ ಕೆಲಸ ಗುಟ್ಟು, ಅದಕ್ಕೇ ಹೆಸರು ಹೊರಗೆ ಬರಲಿಲ್ಲ ಎನ್ನುವ ಸಮಜಾಯಿಷಿ ನನಗೆ ಅರ್ಧ ಮಾತ್ರ ಒಪ್ಪಿಗೆ. ಆ ಮಾದರಿಯ ಹಡಗುಗಳು ಎಲ್ಲರ ಕಣ್ಣೆದುರೇ ಓಡಾಡುತ್ತಿದ್ದವು.

ವೆಸ್ಟ್ ಅವರದು ಇನ್ನೂ ವಿಚಿತ್ರ. ನಿವೃತ್ತಿಯಾಗಿ ಎಷ್ಟೋ ವರ್ಷದ ಮೇಲೆ, ಕಾಲೇಜು ಕಾಲದ ಮಹಿಳಾ ಸಂಘದ ಕಾರ್ಯಕ್ರಮಕ್ಕೆಂದು ತಮ್ಮ ಪರಿಚಯ ಬರೆದುಕೊಟ್ಟರು. ಅದನ್ನು ಓದಿದ ಸಂಘದ ಗೆಳತಿ ಬೆರಗಾಗಿ ಸುಮ್ನೆ ಕೂರಲಿಲ್ಲ, ಸುದ್ದಿ ಹಬ್ಬಿಸಿದರು. 2018ರಲ್ಲಿ ಅಮೆರಿಕದ ವಾಯುಪಡೆ ತನ್ನ ಗೌರವ ಪಟ್ಟಿಗೆ ವೆಸ್ಟ್ ಅವರನ್ನು ಸೇರಿಸಿಕೊಂಡಿತು.