ಶೃಂಗಿಯ ಕೊಂಬು

ಅಮರಸಿಂಹನ ಸಂಸ್ಕೃತ ನಿಘಂಟಾದ ಅಮರಕೋಶದ ಮೊದಲ ಕಾಂಡದ ವಾರಿವರ್ಗದಲ್ಲಿ, ಎಂದರೆ ನೀರಿಗೆ ಸಂಬಂಧಿಸಿದ ಪದಗಳ ಭಾಗದಲ್ಲಿ, ‘ಮದ್ಗುರಸ್ಯ ಪ್ರಿಯಾ ಶೃಂಗೀ’ ಎಂಬ ಮಾತು ಬರುತ್ತದೆ. ಮದ್ಗುರವೆಂಬ ಮೀನಿನ ಮಡದಿ ಶೃಂಗಿ ಎಂಬುದು ಇದರ ನೇರ ಅರ್ಥ; ಶೃಂಗಿ ಎಂದರೆ ಕೊಂಬುಳ್ಳದ್ದು. ಅಮರವನ್ನು ಪಾಠ ಹೇಳುವ ಅಧ್ಯಾಪಕರೊಬ್ಬರು ಈಚೆಗೆ ನನ್ನನ್ನು ಕೇಳಿದರು: ‘ಶೃಂಗಿ ಎಂದರೆ ಮದ್ಗುರದ ಹೆಣ್ಣೇ, ಅಥವಾ ಬೇರೆಯೇ ಮೀನೇ? ಮೀನಿಗೆ ಕೊಂಬಾದರೂ ಎಲ್ಲಿಂದ ಬಂತು?’ ಮೀನುಗಳ ಪ್ರಭೇದಗಳನ್ನು ಗುರುತಿಸುವುದೂ ಮರಿ ಮಾಡಿಸುವುದೂ ನನ್ನ ವೃತ್ತಿಯಾದ್ದರಿಂದ ಈ ಪ್ರಶ್ನೆಗೆ ನಿಘಂಟಿಗಿಂತ ನೀರಿನ ತೊಟ್ಟಿಯೇ ಹೆಚ್ಚು ನೆರವಾಗುತ್ತದೆಂದು ನನಗೆ ಅನ್ನಿಸಿತು.

ಎರಡೂ ಹೆಸರುಗಳು ಇಂದಿಗೂ ಬದುಕಿವೆ. ಬಂಗಾಳದ ಮಾರುಕಟ್ಟೆಯಲ್ಲಿ ನೀರಿನ ಪಾತ್ರೆಗಳಲ್ಲಿ ಜೀವಂತವಾಗಿಯೇ ಮಾರುವ ಮಾಗುರ್ ಮತ್ತು ಶಿಂಗಿ ಇವೇ. ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರಿಗೆ ಇವುಗಳ ತೆಳು ಸಾರನ್ನು ಕೊಡುವ ರೂಢಿ ಅಲ್ಲಿ ಮನೆಮನೆಯಲ್ಲೂ ಇದೆ. ವಿಜ್ಞಾನದಲ್ಲಿ ಶಿಂಗಿಯನ್ನು ಹೆಟೆರೊಪ್ನ್ಯೂಸ್ಟಿಸ್ ಫಾಸಿಲಿಸ್ ಎಂದು ಕರೆಯುತ್ತಾರೆ. ಸಾಮಾನ್ಯವಾಗಿ ಒಂದು ಗೇಣಿನಷ್ಟು ಉದ್ದ ಬೆಳೆಯುವ, ಹುರುಪೆಯಿಲ್ಲದ, ಕಪ್ಪು ಅಥವಾ ಕೆಂಗಂದು ಮೈಯ, ಬಾಯಿಯ ಸುತ್ತ ನಾಲ್ಕು ಜೊತೆ ಮೀಸೆಗಳಿರುವ ಮೀನು ಇದು.

ಕೊಂಬು ಯಾವುದೆಂಬ ವಿಷಯದಲ್ಲಿ ಹಲವರು ಮೊದಲು ಮೀಸೆಗಳತ್ತ ಬೆರಳು ತೋರಿಸುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಮೀಸೆ ಮೆತ್ತಗಿದ್ದು ಬಳುಕುತ್ತದೆ. ಮದ್ಗುರಕ್ಕೂ ನಾಲ್ಕು ಜೊತೆ ಮೀಸೆಗಳೇ ಇರುವುದರಿಂದ ಅದರ ಆಧಾರದ ಮೇಲೆ ಒಂದನ್ನು ಮಾತ್ರ ಕೊಂಬಿನದು ಎನ್ನಲು ಕಾರಣವಿರುವುದಿಲ್ಲ. ಆದರೆ ಶಿಂಗಿಯನ್ನು ಬಲೆಯಿಂದ ಎತ್ತಿದ ಕ್ಷಣದಲ್ಲಿ ನೋಡಿದವರಿಗೆ ಹೆಸರಿನ ಅರ್ಥ ತಾನಾಗಿಯೇ ಹೊಳೆಯುತ್ತದೆ. ತಲೆಯ ಹಿಂದೆ ಎರಡೂ ಪಕ್ಕಗಳಲ್ಲಿರುವ ಎದೆಯ ಈಜುರೆಕ್ಕೆಗಳ ಮುಂದಿನ ಮುಳ್ಳುಗಳನ್ನು ಅದು ಅಡ್ಡಲಾಗಿ ಸೆಟೆಸುತ್ತದೆ. ಕೀಲಿನ ರಚನೆಯೇ ಮುಳ್ಳನ್ನು ಆ ಸ್ಥಿತಿಯಲ್ಲಿ ಬಿಗಿದು ಹಿಡಿಯುವಂತಿರುವುದರಿಂದ, ಒತ್ತಿದರೂ ಅದು ಮಡಚಿಕೊಳ್ಳುವುದಿಲ್ಲ. ಮೇಲಿನಿಂದ ನೋಡಿದರೆ ಚಪ್ಪಟೆ ತಲೆಯ ಎರಡು ಬದಿಗೂ ಗಟ್ಟಿಯಾದ, ಚೂಪಾದ ಕೊಂಬುಗಳು ಚಾಚಿಕೊಂಡಂತೆ ಕಾಣುತ್ತದೆ.

ಈ ಕೊಂಬಿನಲ್ಲಿ ವಿಷವಿದೆ. ಹಾವಿನ ಹಲ್ಲಿನಂತೆ ವಿಷವನ್ನು ಒತ್ತಿ ಹರಿಸುವ ವ್ಯವಸ್ಥೆ ಇಲ್ಲಿಲ್ಲ. ಮುಳ್ಳನ್ನು ಹೊದ್ದಿರುವ ತೆಳುವಾದ ಚರ್ಮದಲ್ಲಿಯೇ ವಿಷದ ಜೀವಕೋಶಗಳಿದ್ದು, ಮುಳ್ಳು ಮಾಂಸದೊಳಗೆ ಹೊಕ್ಕಾಗ ಆ ಹೊದಿಕೆ ಹರಿದು ವಿಷ ಗಾಯಕ್ಕೆ ಸೇರುತ್ತದೆ. ವೃತ್ತಿಯ ಮೊದಲ ವರ್ಷಗಳಲ್ಲಿ ತೊಟ್ಟಿಯಿಂದ ತೊಟ್ಟಿಗೆ ಮೀನು ಸಾಗಿಸುವಾಗ ನನ್ನ ಹೆಬ್ಬೆರಳಿನ ಬುಡಕ್ಕೆ ಇದು ಚುಚ್ಚಿತ್ತು, ಮತ್ತು ಗಾಯ ಸಾಸಿವೆಯಷ್ಟೇ ಇದ್ದರೂ ಉರಿ ಮೊಣಕೈವರೆಗೆ ಏರಿತ್ತು. ಈ ವಿಷ ಬಿಸಿಗೆ ಕೆಡುವ ಪ್ರೋಟೀನಿನಿಂದಾದುದು. ಆದ್ದರಿಂದ ಚುಚ್ಚಿದ ಭಾಗವನ್ನು ತಡೆದುಕೊಳ್ಳಬಹುದಾದಷ್ಟು ಬಿಸಿಯಾದ, ಆದರೆ 45 ಡಿಗ್ರಿ ಸೆಲ್ಸಿಯಸ್ ಮೀರದ ನೀರಿನಲ್ಲಿ 30ರಿಂದ 90 ನಿಮಿಷ ಅದ್ದಿಡಬೇಕು. ನೋವಿನಲ್ಲಿರುವ ಕೈಗೆ ಬಿಸಿಯ ಅಂದಾಜು ಸಿಗದ ಕಾರಣ ನೀರನ್ನು ಇನ್ನೊಂದು ಕೈಯಿಂದಲೇ ಪರೀಕ್ಷಿಸಬೇಕು. ಮುಳ್ಳಿನ ಚೂರು ಒಳಗೆ ಉಳಿದಿರಬಹುದು, ಗಾಯ ಕೀವಾಗಬಹುದು. ಹೀಗಾಗಿ ವೈದ್ಯರಿಗೆ ತೋರಿಸಿ ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ವಿಚಾರಿಸುವುದು ಅಗತ್ಯ.

ಇನ್ನು ಮಡದಿಯ ಮಾತು. ಮರಿ ಮಾಡಿಸುವವರಿಗೆ ಇದು ಸುಲಭವಾಗಿ ಬಗೆಹರಿಯುತ್ತದೆ: ಮಾಗುರಿನಲ್ಲಿಯೂ ಗಂಡು ಹೆಣ್ಣುಗಳಿವೆ, ಶಿಂಗಿಯಲ್ಲಿಯೂ ಇವೆ, ಮಳೆಗಾಲದಲ್ಲಿ ಎರಡರ ಹೆಣ್ಣುಗಳೂ ಮೊಟ್ಟೆಯಿಂದ ಹೊಟ್ಟೆ ತುಂಬಿಕೊಂಡಿರುತ್ತವೆ. ಇವು ಎರಡು ಬೇರೆ ಕುಲಗಳಿಗೆ ಸೇರಿದ ಮೀನುಗಳು. ಮಾಗುರಿನ ಬೆನ್ನಿನ ರೆಕ್ಕೆ ಬಾಲದ ಹತ್ತಿರದವರೆಗೂ ಹಬ್ಬಿರುತ್ತದೆ, ಶಿಂಗಿಯದು ಚಿಕ್ಕದೊಂದು ಕುಚ್ಚಿನಂತಿರುತ್ತದೆ. ಗಾಳಿಯನ್ನು ನೇರವಾಗಿ ಉಸಿರಾಡಲು ಮಾಗುರಿನ ಕಿವಿರಿನ ಗೂಡಿನಲ್ಲಿ ಪುಟ್ಟ ಮರದಂತೆ ಕವಲೊಡೆದ ಅಂಗವಿದೆ. ಶಿಂಗಿಯಲ್ಲಿ ಅದೇ ಕೆಲಸಕ್ಕೆ ಎರಡು ಉದ್ದನೆಯ ಚೀಲಗಳು ಬೆನ್ನುಮೂಳೆಯ ಪಕ್ಕದಲ್ಲಿ ಬಾಲದತ್ತ ಚಾಚಿವೆ. ಆದರೂ ಅಮರಸಿಂಹನನ್ನು ತಪ್ಪುಗಾರನೆಂದು ಬದಿಗಿಡಲು ನನಗೆ ಮನಸ್ಸಿಲ್ಲ. ಒಂದೇ ಕೆಸರಿನಲ್ಲಿ, ಒಂದೇ ಬಲೆಯಲ್ಲಿ ಸಿಗುವ ಎರಡು ಮೀನುಗಳಲ್ಲಿ ಒಂದು ದಪ್ಪ, ಇನ್ನೊಂದು ತೆಳು. ಜೋಡಿಯೆಂದು ಭಾವಿಸಲು ಅಷ್ಟು ಸಾಕು. ಕಪ್ಪೆ ಆಮೆಗಳ ಹೆಣ್ಣುಗಳನ್ನು ಹೇಳಿದ ಬೆನ್ನಿಗೇ ಕೋಶ ಈ ಮಾತನ್ನು ಹೇಳುತ್ತದೆ. ಜೊತೆಗೆ ಶೃಂಗೀ ಎಂಬ ಪದವೇ ಸ್ತ್ರೀಲಿಂಗದ್ದು. ಕರ್ಕಟಶೃಂಗಿ, ಮೇಷಶೃಂಗಿ ಎಂಬ ಗಿಡಮೂಲಿಕೆಗಳ ಹೆಸರಿನಲ್ಲಿರುವಂತೆ ಇಲ್ಲಿಯೂ ಆ ಲಿಂಗ ಕೇವಲ ವ್ಯಾಕರಣದ್ದಾಗಿದ್ದು, ಮಡದಿಯ ಕಲ್ಪನೆ ಆಮೇಲೆ ಹುಟ್ಟಿರಬಹುದೆಂಬುದು ನನ್ನ ಊಹೆ.

ದಕ್ಷಿಣದವರು ಇದೇ ಮೀನನ್ನು ನೋಡಿ ಆಕಾರಕ್ಕಿಂತ ನೋವನ್ನು ನೆನಪಿಟ್ಟುಕೊಂಡರು. ಕನ್ನಡದಲ್ಲಿ ಇದು ಚೇಳುಮೀನು. ತಮಿಳಿನ ‘ತೇಳಿ’ಯಲ್ಲಿಯೂ ಇರುವುದು ಚೇಳೇ, ನಮ್ಮ ಹಳಗನ್ನಡದ ‘ತೇಳ್’ ಅದರ ಒಡಹುಟ್ಟು.

ವಿಜ್ಞಾನದ ಹೆಸರಿನಲ್ಲಿ ಮಾತ್ರ ಕೊಂಬೂ ಇಲ್ಲ, ಚೇಳೂ ಇಲ್ಲ. ತಮಿಳುನಾಡಿನ ಕರಾವಳಿಯ ತರಂಗಂಬಾಡಿಯಿಂದ ಬಂದ ಮಾದರಿಯನ್ನು ನೋಡಿ ಬರ್ಲಿನ್ನಿನ ವೈದ್ಯ ಬ್ಲಾಖ್ 1794ರಲ್ಲಿ ಕೊಟ್ಟ ‘ಫಾಸಿಲಿಸ್’ ಎಂಬ ಹೆಸರಿಗೆ ಅಗೆದು ತೆಗೆದದ್ದು ಎಂದರ್ಥ. ಬೇಸಿಗೆಯ ಕೆಸರಿನಲ್ಲಿ ಹುದುಗಿ ಬದುಕುವ ಮೀನಿಗೆ ಅದು ಒಪ್ಪುತ್ತದೆ. ‘ಹೆಟೆರೊಪ್ನ್ಯೂಸ್ಟಿಸ್’ ಎಂದರೆ ಬೇರೆ ಬಗೆಯಲ್ಲಿ ಉಸಿರಾಡುವುದು. 1800-01ರಲ್ಲಿ ಮೈಸೂರು ಮತ್ತು ಕೆನರಾ ಸೀಮೆಗಳನ್ನು ಸುತ್ತಿ ವರದಿ ಬರೆದ ಫ್ರಾನ್ಸಿಸ್ ಬುಕಾನನ್, ಮುಂದೆ ಹ್ಯಾಮಿಲ್ಟನ್ ಎಂಬ ಹೆಸರಿನಿಂದ ಗಂಗೆಯ ಮೀನುಗಳನ್ನು 1822ರಲ್ಲಿ ವಿವರಿಸಿದಾಗ, ಜನರ ಬಾಯಿಯಲ್ಲಿದ್ದ ಹೆಸರುಗಳನ್ನೇ ಎತ್ತಿಕೊಂಡು ಒಂದನ್ನು ‘ಸಿಂಗಿಯೊ’ ಎಂದೂ ಇನ್ನೊಂದನ್ನು ‘ಮಾಗುರ್’ ಎಂದೂ ಬರೆದ. ಮೊದಲು ಕೊಟ್ಟ ಹೆಸರಿಗೇ ಮನ್ನಣೆ ಎಂಬ ನಿಯಮದಿಂದ ಬ್ಲಾಖನ ಹೆಸರು ಉಳಿದು ಸಿಂಗಿಯೊ ಬಿದ್ದುಹೋಯಿತು. ಮದ್ಗುರವಾದರೋ ಕ್ಲಾರಿಯಸ್ ಮಾಗುರ್ ಎಂದು ಇಂದಿಗೂ ವಿಜ್ಞಾನಿಗಳ ಪಟ್ಟಿಯಲ್ಲಿದೆ.

ಅಧ್ಯಾಪಕರ ಟಿಪ್ಪಣಿಯಲ್ಲಿ ‘ಶೃಂಗೀ: ಮದ್ಗುರವೆಂಬ ಮೀನಿನ ಹೆಣ್ಣು’ ಎಂದಿತ್ತು. ಅದರ ಕೆಳಗೆ ಈ ಸಾಲನ್ನು ಸೇರಿಸಲು ಕೋರಿದ್ದೇನೆ: ‘ಚೇಳುಮೀನು; ಎದೆಯ ರೆಕ್ಕೆಯ ವಿಷದ ಮುಳ್ಳುಗಳಿಂದಾಗಿ ಕೊಂಬಿನದು ಎಂಬ ಹೆಸರು ಬಂದಿದೆ; ಮದ್ಗುರದ ಜೊತೆಯಲ್ಲಿ ಸಿಗುವ ಬೇರೆ ಮೀನು.’